ಕಡತದಲ್ಲೊಂದು ಗೂಡು

ಜನವರಿಯ ಚಳಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯ ಏರಿಯ ಮೇಲೆ ನಿಂತು ನೀರಿನತ್ತ ನೋಡಿದರೆ, ದಡದುದ್ದಕ್ಕೂ ಯಾರೋ ಒಲೆಯ ಬೂದಿ ಸುರಿದು ಹೋದಂತೆ ಕಾಣುತ್ತದೆ. ಕಣ್ಣು ಹೊಂದಿಕೊಳ್ಳುತ್ತಿದ್ದಂತೆ ಆ ಬೂದಿಯೊಳಗಿಂದ ಕತ್ತುಗಳು ಏಳುತ್ತವೆ. ಬಿಳಿ ತಲೆಯ ಹಿಂಬದಿಗೆ ಎಳೆದ ಎರಡು ಕಪ್ಪು ಗೆರೆಗಳು, ಹಳದಿ ಕೊಕ್ಕು, ಕಿತ್ತಳೆ ಛಾಯೆಯ ಕಾಲು ಒಂದೊಂದಾಗಿ ತಿಳಿಯಾಗುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಅವು. ನೋಡಿ ಸಂತೋಷಪಡುವುದು ಸುಲಭ. ಎಣಿಸುವುದು ಬೇರೆಯದೇ ವಿದ್ಯೆ. ನುರಿತವರು ಮೊದಲು ಹತ್ತು ಹಕ್ಕಿಗಳನ್ನು ಒಂದೊಂದಾಗಿ ಲೆಕ್ಕ ಹಾಕುತ್ತಾರೆ. ಆ ಹತ್ತು ಎಷ್ಟು ಜಾಗ ಹಿಡಿದಿವೆ ಎಂಬುದನ್ನು ಕಣ್ಣಿಗೆ ಕಲಿಸುತ್ತಾರೆ. ಆ ಅಳತೆಯನ್ನು ಹತ್ತು ಸಲ ಪಕ್ಕಪಕ್ಕಕ್ಕೆ ಇಟ್ಟರೆ ನೂರರ ಒಂದು ತುಂಡು. ಆ ತುಂಡನ್ನು ಹಿಂಡಿನ ಈ ತುದಿಯಿಂದ ಆ ತುದಿಗೆ ಸರಿಸುತ್ತ ಹೋಗುತ್ತಾರೆ. ಹಿಂಡು ದಟ್ಟವಾದ ಕಡೆ ತುಂಡು ಕುಗ್ಗಬೇಕು, ತೆಳುವಾದ ಕಡೆ ಹಿಗ್ಗಬೇಕು. ನಡುವೆ ಒಂದು ನಾಯಿ ದಡಕ್ಕೆ ಬಂದರೆ ಸಾಕು, ಇಡೀ ಹಿಂಡು ಎದ್ದು ಸುತ್ತು ಹಾಕಿ ಇಳಿಯುತ್ತದೆ. ಲೆಕ್ಕ ಮತ್ತೆ ಮೊದಲಿನಿಂದ. ಇಬ್ಬರು ಬೇರೆ ಬೇರೆಯಾಗಿ ಎಣಿಸಿ ತಾಳೆ ನೋಡುತ್ತಾರೆ, ಅಂತರ ದೊಡ್ಡದಿದ್ದರೆ ಇನ್ನೊಮ್ಮೆ ಎಣಿಸುತ್ತಾರೆ. ಇಷ್ಟೆಲ್ಲ ಆದಮೇಲೆ ಉಳಿಯುವುದು ಒಂದು ಹಾಳೆ: ಕೆರೆಯ ಹೆಸರು, ದಿನಾಂಕ, ಹೊತ್ತು, ಹಕ್ಕಿಯ ಹೆಸರು, ಅದರ ಮುಂದೆ ಒಂದು ಸಂಖ್ಯೆ.

ಹಕ್ಕಿ ನೋಡುವ ಸುಖದ ಬಗ್ಗೆ ಕನ್ನಡದಲ್ಲಿ ಸೊಗಸಾದ ಬರಹಗಳಿವೆ. ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳನ್ನು ಓದಿ ಬೈನಾಕ್ಯುಲರ್ ಹಿಡಿದವರು ನಮ್ಮಲ್ಲಿ ಬಹಳ. ಆದರೆ ಆ ಹಾಳೆ ಕೆರೆಯ ಏರಿಯಿಂದ ಇಳಿದು ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದರ ಬಗ್ಗೆ ನಾವು ಬರೆದದ್ದು ಕಡಿಮೆ. 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿರುವ ಏಷ್ಯಾದ ನೀರುಹಕ್ಕಿ ಗಣತಿಗೆ ಇಂಥ ಸಾವಿರಾರು ಹಾಳೆಗಳು ಸೇರುತ್ತವೆ. ಅಲ್ಲಿಂದ ಅವು ಹಕ್ಕಿ ಸಂರಕ್ಷಣೆಯ ಸಂಸ್ಥೆಗಳ ಮೇಜಿಗೆ, ಮೇಜಿನಿಂದ ಮನವಿಗೆ, ಮನವಿಯಿಂದ ಸರ್ಕಾರದ ಕಡತಕ್ಕೆ ಸಾಗುತ್ತವೆ. ಈ ಸಂಸ್ಥೆಗಳಿಗೆ ಪರಿಸರ ನೀತಿಯ ಇಂಟರ್ನ್‌ಗಳಾಗಿ ಸೇರುವ ಯುವಕ ಯುವತಿಯರು ದಿನದ ಹೆಚ್ಚಿನ ಹೊತ್ತು ಕಳೆಯುವುದು ಈ ಮೇಜಿನ ಮುಂದೆಯೇ: ಕರಡು ಅಧಿಸೂಚನೆ ಓದುವುದು, ಹಳೆಯ ನಿಯಮದೊಂದಿಗೆ ಹೋಲಿಸುವುದು, ನಕ್ಷೆ ಗುರುತಿಸುವುದು, ಆಕ್ಷೇಪಣೆ ಬರೆಯುವುದು. ಕೆರೆಯ ದಡ ಬಿಟ್ಟು ಕುರ್ಚಿಗೆ ಬಂದೆವಲ್ಲ ಎಂದು ಅವರಲ್ಲಿ ಕೆಲವರಿಗಾದರೂ ಅನಿಸುವುದು ಸಹಜ. ನನ್ನ ಅಭಿಪ್ರಾಯ ಬೇರೆ. ಈ ಮೇಜಿನ ಕೆಲಸ ಹಕ್ಕಿ ನೋಡುವುದರ ಮುಂದುವರಿಕೆ. ಅದೇ ಕಣ್ಣು, ಅದೇ ತಾಳ್ಮೆ, ಅದೇ ಪ್ರೀತಿ ಇಲ್ಲೂ ಬೇಕು. ಹಕ್ಕಿ ಎದುರಿಗಿದ್ದಾಗ ಅದನ್ನು ಪ್ರೀತಿಸುವುದು ಎಲ್ಲರಿಗೂ ಸಾಧ್ಯ. ಅದು ಕಣ್ಣೆದುರು ಇಲ್ಲದ ಹೊತ್ತಿನಲ್ಲೂ ಅದರ ಪರವಾಗಿ ನಿಲ್ಲುವ ಕಲೆಯೊಂದಿದೆ, ಆ ಕಲೆ ಕಾಗದದ ಮೇಲೆ ನಡೆಯುತ್ತದೆ.

ಚಳಿಗಾಲದ ಗದ್ದೆಯಂಚಿನಲ್ಲಿ ಎರಡು ಗೊರವಗಳು ಒಟ್ಟಿಗೇ ಮೇಯುತ್ತವೆ ಎಂದುಕೊಳ್ಳೋಣ. ಒಂದು ಗದ್ದೆಗೊರವ, ಇನ್ನೊಂದು ಹಸಿರು ಗೊರವ. ಹೊಸಬರಿಗೆ ಎರಡೂ ಒಂದೇ ಕಂದು ಹಕ್ಕಿ. ಬೆನ್ನಿನ ಮೇಲೆ ಚುಕ್ಕೆ ಎಷ್ಟು ಢಾಳಾಗಿದೆ, ಕಣ್ಣಿನ ಮೇಲಿನ ಬಿಳಿ ಹುಬ್ಬು ಕಣ್ಣಿನ ಹಿಂದಕ್ಕೂ ಹೋಗಿದೆಯೇ, ಹಾರಿದಾಗ ರೆಕ್ಕೆಯ ಅಡಿಭಾಗ ಕಪ್ಪೋ ತಿಳಿಯೋ ಎಂದು ನೋಡಲು ಕಲಿತವರಿಗೆ ಮಾತ್ರ ಅವು ಎರಡಾಗುತ್ತವೆ. ಕಾನೂನಿನ ಭಾಷೆಯೂ ಹೀಗೇ. ಮೊದಲ ಓದಿಗೆ ಅದು ಒಂದೇ ಬಣ್ಣದ ಬಯಲು. ನಿಧಾನವಾಗಿ ‘ಎಂದರೆ’ ಎಂಬ ಪದಕ್ಕೂ ‘ಒಳಗೊಂಡಂತೆ’ ಎಂಬ ಪದಕ್ಕೂ ಇರುವ ದೂರ ಕಾಣತೊಡಗುತ್ತದೆ. ‘ಮಾಡತಕ್ಕದ್ದು’ ಎಂಬಲ್ಲಿ ‘ಮಾಡಬಹುದು’ ಎಂದು ಬದಲಾದರೆ ಒಂದು ಕೆರೆಯ ಹಣೆಬರಹವೇ ಬದಲಾಗಬಹುದು ಎಂಬುದು ಹೊಳೆಯುತ್ತದೆ. ‘ಹೊರತುಪಡಿಸಿ’ ಎಂಬ ಪದ ಕಂಡರೆ ಪಳಗಿದ ಓದುಗರು ಅಲ್ಲೇ ನಿಲ್ಲುತ್ತಾರೆ, ಪೊದೆಯೊಳಗೆ ಎಲೆ ಅಲುಗಿದ ಕಡೆ ನಿಂತಂತೆ. ಏನನ್ನು ಹೊರಗಿಟ್ಟಿದ್ದಾರೆ? ಹಳೆಯ ನಿಯಮದಲ್ಲಿ ಅದು ಒಳಗಿತ್ತೇ? ಹಾಗೆ ಹುಡುಕಿ ಹುಡುಕಿ ಕೊನೆಗೊಂದು ಪದ ಸಿಕ್ಕಾಗ ಆಗುವ ರೋಮಾಂಚನ ಅಪರೂಪದ ಹಕ್ಕಿಯೊಂದನ್ನು ಮೊದಲ ಬಾರಿ ಗುರುತಿಸಿದಾಗಿನದಕ್ಕೆ ಏನೂ ಕಡಿಮೆಯಲ್ಲ.

ಅಂಥ ಒಂದು ಪದವನ್ನು ಹತ್ತಿರದಿಂದ ನೋಡೋಣ. ನಮ್ಮ ದೇಶದ ಜೌಗುಭೂಮಿಗಳ ರಕ್ಷಣೆಗೆ ಕೇಂದ್ರ ಸರ್ಕಾರ 2010ರಲ್ಲಿ ನಿಯಮ ತಂದಿತು. ಅದರಲ್ಲಿ ಜೌಗುಭೂಮಿಯ ವ್ಯಾಖ್ಯೆ ವಿಶಾಲವಾಗಿತ್ತು: ಸರೋವರ, ಜಲಾಶಯ, ಕೆರೆ, ಹಿನ್ನೀರು, ಮನುಷ್ಯ ಕಟ್ಟಿದ ಜಲಮೂಲಗಳೂ ಅದರ ಒಳಗಿದ್ದವು. 2017ರಲ್ಲಿ ಅದರ ಜಾಗಕ್ಕೆ ಹೊಸ ನಿಯಮ ಬಂತು. ಹೊಸ ವ್ಯಾಖ್ಯೆ ನದಿಪಾತ್ರ ಮತ್ತು ಭತ್ತದ ಗದ್ದೆಗಳ ಜೊತೆಗೆ ಕುಡಿಯುವ ನೀರಿಗಾಗಿ ಕಟ್ಟಿದ ಜಲಮೂಲಗಳನ್ನು ಹೊರಗಿಟ್ಟಿತು; ಮೀನು ಸಾಕಣೆ, ಉಪ್ಪು ತಯಾರಿಕೆ, ಮನರಂಜನೆ, ನೀರಾವರಿ ಇವುಗಳಿಗೆಂದೇ ಮಾಡಿದ ರಚನೆಗಳನ್ನೂ ಹೊರಗಿಟ್ಟಿತು. ಆ ಸಾಲಿನ ‘ನೀರಾವರಿ’ ಎಂಬ ಪದದ ಮೇಲೆ ಬೆರಳಿಟ್ಟು ಕರ್ನಾಟಕದ ನಕ್ಷೆ ನೋಡಿ. ನಮ್ಮ ಬಯಲುಸೀಮೆಯ ಕೆರೆಗಳನ್ನು ಕಟ್ಟಿದ್ದು ಯಾಕೆ? ಮಳೆನೀರು ಹಿಡಿದು ಗದ್ದೆಗೆ ಹರಿಸಲಿಕ್ಕೆ. ಅರಸರು, ಪಾಳೇಗಾರರು, ಊರಿನವರು ಶತಮಾನಗಳ ಕಾಲ ಕಟ್ಟಿದ ಈ ಕೆರೆಗಳೇ ದಖನ್ನಿನ ಒಣನೆಲದಲ್ಲಿ ನೀರುಹಕ್ಕಿಗಳ ಆಸರೆ. ಮನುಷ್ಯ ತನ್ನ ಬೆಳೆಗೆಂದು ಕಟ್ಟಿದ್ದರಲ್ಲಿ ಹಕ್ಕಿ ಪಾಲು ಪಡೆಯಿತು. ಕಾಲಕ್ರಮೇಣ ಕೆರೆ ಇಬ್ಬರದೂ ಆಯಿತು. ವ್ಯಾಖ್ಯೆಯ ಒಂದು ಪದ ಆ ಜಂಟಿ ಒಡೆತನವನ್ನು ಲೆಕ್ಕದಿಂದ ಬಿಡುತ್ತದೆ. ಕೆರೆಗಳಿಗೆ ರಾಜ್ಯದ ಬೇರೆ ಕಾನೂನುಗಳ ರಕ್ಷಣೆ ಇದೆ, ಆದ್ದರಿಂದ ಇಷ್ಟು ಆತಂಕ ಬೇಡ ಎಂದು ಯಾರಾದರೂ ಹೇಳಬಹುದು. ಒತ್ತುವರಿ ತಡೆಯಲು ಆ ಕಾನೂನುಗಳು ಬೇಕೇ ಬೇಕು. ಆದರೆ ಕೆರೆಯನ್ನು ನೀರಿನ ಪಾತ್ರೆಯಾಗಿ ಕಾಯುವುದೂ ಜೀವಿಗಳ ನೆಲೆಯಾಗಿ ಕಾಯುವುದೂ ಒಂದೇ ಅಲ್ಲ. ಹೂಳೆತ್ತುವ ನೆಪದಲ್ಲಿ ದಡದ ಇಳಿಜಾರನ್ನು ಕಡಿದು ಗೋಡೆಯಂತೆ ನಿಲ್ಲಿಸಿದರೆ ನೀರಿನ ಲೆಕ್ಕ ಸರಿಹೋಗುತ್ತದೆ. ಗೊರವಗಳು ಕಾಲೂರುವ ಆಳವಿಲ್ಲದ ಕೆಸರು ಮಾತ್ರ ಉಳಿಯುವುದಿಲ್ಲ.

ಈಗ ಮಾಗಡಿ ಕೆರೆಗೆ ಹಿಂತಿರುಗೋಣ. ಅದು ಸುಮಾರು 50 ಹೆಕ್ಟೇರ್ ವಿಸ್ತಾರದ, ನೀರಾವರಿಗೆಂದು ಮಳೆನೀರು ಹಿಡಿದಿಡಲು ಕಟ್ಟಿದ ಕೆರೆ. ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವೂ ಶತಮಾನಗಳ ಹಿಂದೆ ನೀರಾವರಿಗೆಂದೇ ಕಟ್ಟಿದ ಊರಕೆರೆ. 2024ರ ಆರಂಭದಲ್ಲಿ ಈ ಎರಡೂ ಅಘನಾಶಿನಿ ಅಳಿವೆಯ ಜೊತೆಗೆ ರಾಮ್ಸಾರ್ ಪಟ್ಟಿಗೆ ಸೇರಿದವು. ರಾಮ್ಸಾರ್ ಎಂಬುದು 1971ರಲ್ಲಿ ಇರಾನಿನ ಅದೇ ಹೆಸರಿನ ಊರಿನಲ್ಲಿ ಆದ ಜೌಗುಭೂಮಿಗಳ ಅಂತರರಾಷ್ಟ್ರೀಯ ಒಪ್ಪಂದ. ಅದರ ಮಾನದಂಡಗಳಲ್ಲಿ ಒಂದು ನೇರವಾಗಿ ಎಣಿಕೆಗೇ ಸಂಬಂಧಿಸಿದ್ದು: ಒಂದು ಜಾತಿಯ ನೀರುಹಕ್ಕಿಯ ಒಟ್ಟು ಸಂಖ್ಯೆಯಲ್ಲಿ ಶೇ 1ರಷ್ಟು ಒಂದು ಜಾಗದಲ್ಲಿ ನಿಯತವಾಗಿ ಸೇರುವುದಾದರೆ ಆ ಜಾಗ ಜಗತ್ತಿಗೇ ಮುಖ್ಯ. ಮಾಗಡಿಗೆ ಪ್ರತಿ ಚಳಿಗಾಲ ಬರುವ ಹೆಬ್ಬಾತುಗಳ ಸಂಖ್ಯೆ ಸುಮಾರು 8,000 ಎಂದು ರಾಮ್ಸಾರ್ ವಿವರಗಳಲ್ಲಿ ದಾಖಲಾಗಿದೆ. ಈ ಅಂಕಿ ಆಕಾಶದಿಂದ ಬೀಳಲಿಲ್ಲ. ಹತ್ತರ ಅಳತೆಯನ್ನು ನೂರಕ್ಕೆ ಹಿಗ್ಗಿಸುತ್ತ, ನಾಯಿ ಬಂದಾಗ ಮತ್ತೆ ಮೊದಲಿನಿಂದ ಶುರುಮಾಡುತ್ತ, ಚಳಿಯಲ್ಲಿ ನಿಂತವರು ವರ್ಷ ವರ್ಷವೂ ಬರೆದಿಟ್ಟ ಹಾಳೆಗಳಿಂದ ಇಂಥ ಅಂಕಿಗಳು ಹುಟ್ಟುತ್ತವೆ. ರಾಮ್ಸಾರ್ ಪಟ್ಟಿಗೆ ಸೇರಿದ ತಾಣಗಳಿಗೆ 2017ರ ನಿಯಮ ಅನ್ವಯಿಸುತ್ತದೆ. ಅಂದರೆ ‘ನೀರಾವರಿ’ ಎಂಬ ಪದ ಮುಚ್ಚಿದ ಬಾಗಿಲನ್ನು ಎಣಿಕೆಯ ಹಾಳೆ ಇನ್ನೊಂದು ಕಡೆಯಿಂದ ತೆರೆಯಿತು. ಇದನ್ನು ಬರಿಯ ಕಡತದ ಕೆಲಸ ಎಂದು ಹೇಗೆ ಕರೆಯುವುದು?

ಎಣಿಕೆ ಮತ್ತು ಕಾಗದ ಸೇರಿ ಎಷ್ಟು ದೂರ ಹೋಗಬಲ್ಲವು ಎಂಬುದಕ್ಕೆ ರಣಹದ್ದುಗಳ ಕಥೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿ ವಿಭು ಪ್ರಕಾಶ್ ಭರತ್‌ಪುರದಲ್ಲಿ ರಣಹದ್ದುಗಳು ಕ್ಷೀಣಿಸುತ್ತಿರುವುದನ್ನು ಗುರುತಿಸಿದರು. ಒಮ್ಮೆ ಎಣಿಸಿದ್ದ ದಾರಿಗಳಲ್ಲೇ ಮತ್ತೆ ಮತ್ತೆ ಎಣಿಸಿದಾಗ ತಿಳಿದದ್ದು ಭೀಕರ ಸತ್ಯ: 1992ರಿಂದ 2007ರ ಹೊತ್ತಿಗೆ ಬಿಳಿಬೆನ್ನಿನ ರಣಹದ್ದು ಶೇ 99.9ರಷ್ಟು ಕಣ್ಮರೆಯಾಗಿತ್ತು, ಸಾವಿರದಲ್ಲಿ ಒಂದು ಉಳಿದಿತ್ತು. 2004ರಲ್ಲಿ ಪಾಕಿಸ್ತಾನದಲ್ಲಿ ನಡೆದ ಸಂಶೋಧನೆ ಕಾರಣವನ್ನು ಹಿಡಿಯಿತು. ದನಗಳಿಗೆ ನೋವು ಶಮನಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್, ಸತ್ತ ದನದ ಮಾಂಸದ ಮೂಲಕ ಹದ್ದಿನ ಹೊಟ್ಟೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತಿತ್ತು. ಸತ್ತ ಹದ್ದನ್ನು ಸೀಳಿದರೆ ಒಳಗಿನ ಅಂಗಾಂಗಗಳ ಮೇಲೆ ಸುಣ್ಣ ಬಳಿದಂತೆ ಯೂರಿಕ್ ಆಮ್ಲದ ಬಿಳಿ ಪದರ. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಇಡೀ ಸಂತತಿ ಕುಸಿಯಲು ಸಾಕು ಎಂದು ಲೆಕ್ಕ ತೋರಿಸಿತು. 2006ರಲ್ಲಿ ಪಶುಗಳಿಗೆ ಆ ಔಷಧದ ಬಳಕೆ ನಿಷೇಧವಾಯಿತು. ಹದ್ದು ಇಲ್ಲವಾದದ್ದು ಹದ್ದಿನ ದುಃಖ ಮಾತ್ರವೂ ಆಗಿರಲಿಲ್ಲ. ಇಯಾಲ್ ಫ್ರಾಂಕ್ ಮತ್ತು ಅನಂತ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ರಣಹದ್ದುಗಳಿಲ್ಲದೆ ಕೊಳೆತ ಹೆಣಗಳು ಮತ್ತು ಅವುಗಳಿಂದ ಹರಡಿದ ರೋಗಗಳು 2000ದಿಂದ 2005ರ ನಡುವೆ ನಮ್ಮ ದೇಶದಲ್ಲಿ ಸುಮಾರು ಐದು ಲಕ್ಷ ಹೆಚ್ಚುವರಿ ಸಾವುಗಳಿಗೆ ಕಾರಣವಾದವು. ರಾಮನಗರದ ರಾಮದೇವರ ಬೆಟ್ಟದ ಬಂಡೆಗಳಲ್ಲಿ ಇನ್ನೂ ಉಳಿದಿರುವ ಉದ್ದಕೊಕ್ಕಿನ ರಣಹದ್ದನ್ನು ನೋಡುವಾಗ, ಅದರ ಬದುಕಿನ ಹಿಂದೆ ಇಂಥ ಎಣಿಕೆಗಳೂ ಆದೇಶಗಳೂ ಇವೆ ಎಂಬ ನೆನಪು ಇರಬೇಕು.

ಮೇಜಿನ ಕೆಲಸವೂ ಹಕ್ಕಿ ನೋಡುವುದರ ಮುಂದುವರಿಕೆ ಎಂಬ ನನ್ನ ಮಾತಿಗೆ ಮೊದಲ ಆಕ್ಷೇಪ ಹಕ್ಕಿಪ್ರಿಯರಿಂದಲೇ ಬರುತ್ತದೆ. ಸಂಖ್ಯೆ, ನಿಯಮ, ಕಲಂ ಎಂದೆಲ್ಲ ಶುರುವಾದರೆ ಹಕ್ಕಿಯ ಚೆಲುವು ಸಾಯುತ್ತದೆ, ಹವ್ಯಾಸ ಹವ್ಯಾಸವಾಗಿಯೇ ಇರಲಿ ಎನ್ನುತ್ತಾರೆ. ಈ ಮಾತಿನ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಅನುಭವ ಬೇರೆಯದನ್ನು ಹೇಳುತ್ತದೆ. ಎಣಿಸಲು ಹೊರಟವರೇ ಹಿಂಡನ್ನು ನಿಜವಾಗಿ ನೋಡುವುದು: ಯಾವುದು ಮರಿ, ಯಾವುದು ಕುಂಟುತ್ತಿದೆ, ಯಾವುದರ ಕತ್ತಿಗೆ ಪಟ್ಟಿ ಹಾಕಿದ್ದಾರೆ ಎಂಬುದೆಲ್ಲ ಆಗ ಕಾಣುತ್ತದೆ. ಮನೆಯ ಹಿತ್ತಲಿನ ಗುಬ್ಬಿಯನ್ನೂ ಬರೆದಿಟ್ಟ ಸಾಮಾನ್ಯ ಹವ್ಯಾಸಿಗಳಿಲ್ಲದಿದ್ದರೆ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯೇ ಇರುತ್ತಿರಲಿಲ್ಲ. ಸುಮಾರು 30,000 ಹಕ್ಕಿವೀಕ್ಷಕರು ದಾಖಲಿಸಿದ ಮೂರು ಕೋಟಿ ಟಿಪ್ಪಣಿಗಳ ಮೇಲೆ 942 ಜಾತಿಗಳನ್ನು ಅದು ಪರಿಶೀಲಿಸಿತು. ದೀರ್ಘಕಾಲದ ಏರಿಳಿತ ಹೇಳಲು ಸಾಧ್ಯವಾದ 338 ಜಾತಿಗಳಲ್ಲಿ ಶೇ 60ರಷ್ಟು ಇಳಿಮುಖವಾಗಿವೆ ಎಂಬುದು ಅದು ಕೊಟ್ಟ ಕಹಿ ಉತ್ತರ. ಹವ್ಯಾಸ ಹವ್ಯಾಸವಾಗಿಯೇ ಇರಬೇಕಾದರೆ ನೋಡಲು ಹಕ್ಕಿ ಇರಬೇಕಲ್ಲವೇ? ಹಕ್ಕಿ ಕಡಿಮೆಯಾಗುತ್ತಿರುವ ಕಾಲದಲ್ಲಿ, ನೋಡಿದ್ದನ್ನು ಬರೆದಿಡುವುದು ಅದರಿಂದ ಪಡೆದ ಸುಖದ ಋಣ ತೀರಿಸುವ ಒಂದು ದಾರಿ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ನಮ್ಮಲ್ಲಿ ಕಾನೂನಿಗೆ ಬರವಿಲ್ಲ, ಪಾಲನೆಗೆ ಬರ. ಕಾಗದದ ಮೇಲೆ ಏನು ಬರೆದರೇನು ಎಂಬುದು. ರಣಹದ್ದಿನ ಕಥೆಯೇ ಇದಕ್ಕೆ ಪುಷ್ಟಿ ಕೊಡುವಂತಿದೆ. 2006ರ ನಿಷೇಧದ ನಂತರವೂ ಮನುಷ್ಯರಿಗೆಂದು ತಯಾರಾದ ಡೈಕ್ಲೋಫೆನಾಕ್‌ನ ದೊಡ್ಡ ಸೀಸೆಗಳು ದನದ ಕೊಟ್ಟಿಗೆಗೆ ಬರುತ್ತಲೇ ಇದ್ದವು. ಮನುಷ್ಯರಿಗೆ ಒಂದು ಸಲಕ್ಕೆ 3 ಮಿಲಿಲೀಟರ್ ಸಾಕು, 30 ಮಿಲಿಲೀಟರ್ ಸೀಸೆ ದನಕ್ಕೇ ಅನುಕೂಲ ಎಂದು ಗಮನಿಸಿ ವಾದಿಸಿದವರ ಶ್ರಮದಿಂದ, 2015ರಲ್ಲಿ 3 ಮಿಲಿಲೀಟರ್‌ಗಿಂತ ದೊಡ್ಡ ಸೀಸೆಗಳಿಗೆ ತಡೆ ಬಿತ್ತು. ಹದ್ದುಗಳಿಗೆ ಅಪಾಯಕಾರಿಯಾದ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್‌ಗಳ ಪಶುಬಳಕೆ ನಿಷೇಧವಾಗಲು 2023 ಬರಬೇಕಾಯಿತು. ಇದರಿಂದ ನಾನು ಕಲಿಯುವ ಪಾಠ ಕಾಗದ ವ್ಯರ್ಥ ಎಂಬುದಲ್ಲ. ಮನೆಯ ಮಾಡಿನ ಹಾಗೆ ಅದಕ್ಕೂ ಪ್ರತಿ ವರ್ಷ ಹೆಂಚು ಕೈಯಾಡಿಸುವವರು ಬೇಕು ಎಂಬುದು. ಸೋರುವ ಜಾಗ ಎಲ್ಲಿದೆ ಎಂದು ಮಾಡು ಹತ್ತಿ ನೋಡುವ ಕೆಲಸವೇ ನೀತಿಯ ಕೆಲಸ. ಜನರ ಒಪ್ಪಿಗೆ ಇಲ್ಲದೆ ಯಾವ ಕಾನೂನೂ ನಿಲ್ಲದು ಎಂಬುದೂ ನಿಜ. ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ 2012ರಲ್ಲಿ ಅಮೂರ್ ಚಾಣಗಳನ್ನು ಬಲೆ ಹಾಕಿ ಅಪಾರ ಸಂಖ್ಯೆಯಲ್ಲಿ ಕೊಲ್ಲುತ್ತಿದ್ದರು. ಮರುವರ್ಷವೇ ಬೇಟೆ ನಿಂತದ್ದು ಅಲ್ಲಿನ ಹಳ್ಳಿಗಳ ಜನರೇ ಮನಸ್ಸು ಮಾಡಿದ್ದರಿಂದ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮನೆಯಂಗಳದ ಮರಗಳಲ್ಲಿ ಗೂಡು ಕಟ್ಟುವುದು ಯಾವ ಆದೇಶದಿಂದಲೂ ಅಲ್ಲ, ಊರಿನ ಮಮತೆಯಿಂದ. ಆದರೆ ಆ ಮಮತೆಗೆ ಕಾನೂನಿನಲ್ಲಿ ಒಂದು ಹೆಸರು ಸಿಕ್ಕಿದ್ದು ವನ್ಯಜೀವಿ ಕಾಯ್ದೆಗೆ ‘ಸಮುದಾಯ ಮೀಸಲು’ ಎಂಬ ವರ್ಗ ಸೇರಿದ ಮೇಲೆ, 2007ರಲ್ಲಿ. ಊರಿನ ಒಳ್ಳೆಯತನವನ್ನು ಕಾಗದ ಹುಟ್ಟಿಸಲಾರದು. ಆ ಒಳ್ಳೆಯತನ ಮುಂದಿನ ತಲೆಮಾರಿಗೂ ದಾಟಲಿ ಎಂದು ಅದಕ್ಕೊಂದು ಆಸರೆ ಕೊಡಬಲ್ಲದು.

ಮೂರನೆಯ ಆಕ್ಷೇಪ ಬದುಕಿಗೆ ಸಂಬಂಧಿಸಿದ್ದು. ಹಕ್ಕಿಗೆಂದು ಬರೆಯುವ ಕೈಗಳು ರೈತನ ಹೊಲವನ್ನೂ ನಾಡಿನ ವಿದ್ಯುತ್ತನ್ನೂ ಮರೆಯುತ್ತವೆ ಎಂಬುದು. ಹೆಬ್ಬಾತುಗಳು ಹೊಲಕ್ಕಿಳಿದು ಬೆಳೆ ಮೇಯುತ್ತವೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಇದಕ್ಕಿಂತ ಕಠಿಣವಾದದ್ದು ಎರ್ಲಡ್ಡು ಹಕ್ಕಿಯ ಪ್ರಶ್ನೆ. 15 ಕಿಲೋವರೆಗೂ ತೂಗುವ, ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಈ ಗ್ರೇಟ್ ಇಂಡಿಯನ್ ಬಸ್ಟರ್ಡ್ ನೂರೈವತ್ತಕ್ಕಿಂತ ಹೆಚ್ಚು ಉಳಿದಿಲ್ಲ. ಅವುಗಳಲ್ಲಿ ಬಹುಪಾಲು ರಾಜಸ್ಥಾನದಲ್ಲಿವೆ. ನಮ್ಮಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಕಂಡಿವೆ. ಅದರ ಕಣ್ಣುಗಳು ತಲೆಯ ಎರಡು ಪಕ್ಕಕ್ಕಿವೆ, ನೇರ ಮುಂದಿನ ನೋಟ ಕಿರಿದು. ಎದುರಿನ ವಿದ್ಯುತ್ ತಂತಿ ಕಾಣುವ ಹೊತ್ತಿಗೆ ಆ ಭಾರದ ಮೈಗೆ ತಿರುಗಲು ಸಮಯವಿರುವುದಿಲ್ಲ. ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಅದರ ನೆಲೆಗಳಲ್ಲಿ ತಂತಿಗಳನ್ನು ನೆಲದಡಿಗೆ ಹಾಕಲು ಹೇಳಿತು. ಸುಮಾರು 99,000 ಚದರ ಕಿಲೋಮೀಟರ್ ಉದ್ದಗಲಕ್ಕೆ ಅದು ಸಾಧ್ಯವಿಲ್ಲ, ಸೌರಶಕ್ತಿಯೂ ನಾಡಿಗೆ ಬೇಕು ಎಂಬ ವಾದ ಬಂದಾಗ, 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಮಾರ್ಪಡಿಸಿ ಪರಿಶೀಲನೆಯನ್ನು ತಜ್ಞರ ಸಮಿತಿಗೆ ಒಪ್ಪಿಸಿತು. ಇಲ್ಲಿ ಎರಡೂ ಕಡೆ ಸತ್ಯವಿದೆ. ಹವಾಮಾನ ಬಿಸಿಯಾದರೆ ಹಕ್ಕಿಗೂ ಉಳಿವಿಲ್ಲ, ತಂತಿ ಹಾಗೇ ಇದ್ದರೆ ಈ ಹಕ್ಕಿಗೆ ಉಳಿವಿಲ್ಲ. ಇಂಥ ಕಡೆ ಕೂಗು ಕೆಲಸಕ್ಕೆ ಬಾರದು. ಯಾವ ತಂತಿ, ಯಾವ ಕಂಬದಿಂದ ಯಾವ ಕಂಬದವರೆಗೆ, ಹಕ್ಕಿ ಯಾವ ತಿಂಗಳಲ್ಲಿ ಯಾವ ದಾರಿಯಲ್ಲಿ ಹಾರುತ್ತದೆ ಎಂದು ನಕ್ಷೆಯ ಮೇಲೆ ತೋರಿಸಬಲ್ಲವರು ಬೇಕು. ನೀತಿಯ ಕೆಲಸ ರೈತನನ್ನೂ ವಿದ್ಯುತ್ತನ್ನೂ ಮರೆಸುತ್ತದೆ ಎಂಬ ಆರೋಪಕ್ಕೆ ನನ್ನ ಉತ್ತರ ಇದೇ: ಒಳ್ಳೆಯ ಆಕ್ಷೇಪಣಾ ಪತ್ರ ಎದುರು ಪಕ್ಷದ ಅಗತ್ಯವನ್ನು ಅವರಷ್ಟೇ ಚೆನ್ನಾಗಿ ಬಲ್ಲದು, ಬೆಳೆ ಕಳೆದುಕೊಂಡವನಿಗೆ ಪರಿಹಾರವನ್ನೂ ತಾನೇ ಕೇಳುತ್ತದೆ.

ಕೊನೆಯ ಆಕ್ಷೇಪಕ್ಕೆ ಉತ್ತರಿಸುವುದಕ್ಕಿಂತ ಒಪ್ಪಿಕೊಳ್ಳುವುದೇ ನ್ಯಾಯ. ಇಂಗ್ಲಿಷ್ ಬಲ್ಲ, ಭತ್ಯೆ ಇಲ್ಲದೆಯೂ ದೊಡ್ಡ ಊರಿನಲ್ಲಿ ಕೆಲ ತಿಂಗಳು ಉಳಿಯಬಲ್ಲ ಮಕ್ಕಳಿಗಷ್ಟೇ ಇಂಥ ಇಂಟರ್ನ್‌ಶಿಪ್ ಎಟುಕುತ್ತದೆ ಎಂಬ ಮಾತು ಹಲವು ಕಡೆ ಸತ್ಯ. ಕೆರೆಯ ಪಕ್ಕದಲ್ಲೇ ಹುಟ್ಟಿದ ಹುಡುಗಿಗೆ ಆ ಕೆರೆಯ ಕಡತ ದೂರದ್ದಾಗಬಾರದು. ಸಂಸ್ಥೆಗಳು ಬದುಕಲು ಸಾಕಾಗುವಷ್ಟು ಭತ್ಯೆ ಕೊಡಬೇಕು, ಕನ್ನಡದಲ್ಲಿ ಯೋಚಿಸುವವರನ್ನು ಕರೆದು ಕೂರಿಸಬೇಕು. ಇದು ಭಾಷಾಭಿಮಾನದ ಮಾತಷ್ಟೇ ಅಲ್ಲ, ಕಾನೂನಿನ ಮಾತು ಕೂಡ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲಿಗೆ ಮುನ್ನ ಯೋಜನಾ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. 2020ರಲ್ಲಿ ಆ ಅಧಿಸೂಚನೆಗೆ ಬದಲಾಗಿ ಬರಲಿದ್ದ ಕರಡು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಹೊರಬಂದಾಗ, ಅದನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟ್ ಹೇಳಿತು. ಜನರಿಗೆ ತಿಳಿಯುವ ಭಾಷೆಯಲ್ಲಿ ಪ್ರಚಾರವಾಗಿಲ್ಲ ಎಂಬ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ಆಗಸ್ಟ್‌ನಲ್ಲಿ ಮಧ್ಯಂತರ ತಡೆ ಕೊಟ್ಟಿತು. ಕರಡೊಂದನ್ನು ‘ಏರಿ’, ‘ತೂಬು’, ‘ಕೋಡಿ’, ‘ಅಚ್ಚುಕಟ್ಟು’ ಎಂಬ ಪದಗಳಲ್ಲಿ ಊರಿನವರಿಗೆ ಬಿಡಿಸಿ ಹೇಳುವುದು ಹಕ್ಕಿ ಕಾಯುವ ಕೆಲಸದ ಅತ್ಯಂತ ಸವಿಯಾದ ಭಾಗ ಎಂದು ನನಗನಿಸುತ್ತದೆ. ಕೆರೆಯ ಕೋಡಿ ಎಲ್ಲಿದೆ ಎಂದು ಬಲ್ಲವರು, ಕರಡಿನ ಗುಂಡಿ ಎಲ್ಲಿದೆ ಎಂಬುದನ್ನು ದೂರದ ತಜ್ಞರಿಗಿಂತ ಬೇಗ ಕಂಡುಹಿಡಿಯುತ್ತಾರೆ.

ಪರಿಸರ ಕಾಯ್ದೆಯಡಿ ಕರಡು ಪ್ರಕಟವಾದರೆ ಆಕ್ಷೇಪಣೆಗೆ ಸಾಮಾನ್ಯವಾಗಿ ಇರುವ ಅವಧಿ 60 ದಿನ. ಹೆಬ್ಬಾತುಗಳು ನಮ್ಮ ಕೆರೆಗಳಲ್ಲಿ ಇರುವುದು ಚಳಿಗಾಲದ ನಾಲ್ಕು ತಿಂಗಳು. ಮಾರ್ಚ್ ಬಿಸಿಲೇರುತ್ತಿದ್ದಂತೆ ಅವು ಒಂದು ದಿನ ಎದ್ದು ಉತ್ತರಕ್ಕೆ ಹೊರಟುಬಿಡುತ್ತವೆ. ಆಮೇಲೆ ಕೆರೆಯಂಗಳ ಬಿರಿಯುತ್ತದೆ, ದನ ಮೇಯುತ್ತವೆ, ಅಳತೆಯ ಟೇಪು ಹಿಡಿದು ಬಂದವರಿಗೆ ಅದೊಂದು ಖಾಲಿ ಜಾಗದಂತೆ ಕಾಣುತ್ತದೆ. ಇಲ್ಲಿ ಏನಿದೆ ಎಂದು ಅವರು ಕೇಳಿದರೆ ತೋರಿಸಲು ಆಗ ಒಂದು ರೆಕ್ಕೆಯೂ ಇರುವುದಿಲ್ಲ. ಇರುವುದು ಜನವರಿಯ ಆ ಹಾಳೆ ಮತ್ತು ಅದನ್ನು ಸರಿಯಾದ ಕಲಂನ ಕೆಳಗೆ ಸರಿಯಾದ ದಿನದೊಳಗೆ ಸಲ್ಲಿಸಿದ ಯಾರೋ ಒಬ್ಬರ ಶ್ರದ್ಧೆ. ಪಟ್ಟೆತಲೆ ಹೆಬ್ಬಾತು ಕರ್ನಾಟಕದಲ್ಲಿ ಗೂಡು ಕಟ್ಟುವುದಿಲ್ಲ. ಅದರ ಮೊಟ್ಟೆ ಮರಿಗಳೆಲ್ಲ ಹಿಮಾಲಯದಾಚೆಗೆ. ನಮ್ಮ ನೆಲದಲ್ಲಿ ಅದಕ್ಕಿರುವ ಗೂಡು ಕಡತದೊಳಗಿನದು ಒಂದೇ, ಅದನ್ನು ಕಟ್ಟುವವರು ನಾವು. ಮುಂದಿನ ನವೆಂಬರಿನಲ್ಲಿ ಹಿಂಡು ಮರಳಿ ಬಂದಾಗ ಕೆಳಗೆ ನೀರು ಹೊಳೆಯುತ್ತಿರಬೇಕಾದರೆ, ಅದು ಇಲ್ಲದ ಎಂಟು ತಿಂಗಳು ಆ ಗೂಡು ಗಟ್ಟಿಯಾಗಿರಬೇಕು.